ರಟ್ಟಿನ ಪೆಟ್ಟಿಗೆಯಲ್ಲಿ ಬಂದ ಮೌಂಟನ್ ಬೈಕ್: ಹತ್ತುವ ಮೊದಲು ನೋಡಬೇಕಾದದ್ದು

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಮೈಸೂರಿನ ಅಕ್ಕನ ಮನೆಗೆ ಹೋಗಿದ್ದೆ. ಅವಳ ಮಗ ಆನ್‌ಲೈನಿನಲ್ಲಿ ತರಿಸಿದ ಗೇರ್ ಸೈಕಲ್ಲನ್ನು ತಾನೇ ಜೋಡಿಸಿ, ಎರಡು ದಿನ ಬೀದಿಯಲ್ಲಿ ಓಡಿಸಿಯೂ ಇದ್ದ. "ಮಾಮ, ತಿರುಗಿಸೋವಾಗ ಕಾಲಿಗೆ ಮುಂದಿನ ಚಕ್ರ ತಾಗತ್ತೆ, ಸೈಕಲ್ ಚಿಕ್ಕದಾಯ್ತೇನೋ" ಅಂದ. ಸೈಕಲ್ ಚಿಕ್ಕದಾಗಿರಲಿಲ್ಲ, ಮುಂದಿನ ಚಕ್ರವನ್ನು ಹಿಡಿಯುವ ಕವಲು, ಅಂದರೆ ಫೋರ್ಕು, ಹಿಂದುಮುಂದಾಗಿ ಕೂತಿತ್ತು. ಮರುದಿನ ಬೆಳಿಗ್ಗೆ ಗೆಳೆಯರ ಜೊತೆ ಚಾಮುಂಡಿ ಬೆಟ್ಟ ಹತ್ತಿ ಇಳಿಯುವುದೆಂದು ಗೊತ್ತುಮಾಡಿಕೊಂಡಿದ್ದ.

ಆ ಸಂಜೆ ಇಬ್ಬರೂ ಕೂತು ಸೈಕಲ್ಲನ್ನು ಮೊದಲಿನಿಂದ ನೋಡಿದೆವು. ಫೋರ್ಕಿನದು ಅವನ ತಪ್ಪು, ಸರಿ. ಆದರೆ ಅವನು ಮುಟ್ಟಿಯೇ ಇರದ ಜಾಗದಲ್ಲಿ ಇನ್ನೂ ಮೂರು ದೋಷ ಸಿಕ್ಕವು. ಎಡಗಡೆ ಕ್ರ್ಯಾಂಕಿನ (ಪೆಡಲ್ ಕೂರುವ ತೋಳಿನ) ಬೋಲ್ಟ್ ಸಡಿಲವಾಗಿತ್ತು, ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಹಿಂದಿನ ಡಿರೇಲರ್ ಒಳಕ್ಕೆ ಬಾಗಿತ್ತು, ಮುಂದಿನ ಬ್ರೇಕಿನ ಕ್ಯಾಲಿಪರ್ (ಪ್ಯಾಡುಗಳನ್ನು ಚಕ್ರದ ಡಿಸ್ಕಿಗೆ ಒತ್ತುವ ಭಾಗ) ಹಿಡಿದ ಬೋಲ್ಟು ಬೆರಳಲ್ಲೇ ತಿರುಗುತ್ತಿತ್ತು. ಪೆಟ್ಟಿಗೆಯ ಮೇಲೆ "ಶೇ. 85ರಷ್ಟು ಜೋಡಿಸಲಾಗಿದೆ" ಎಂದು ಅಚ್ಚಾಗಿರುತ್ತದೆ. ಉಳಿದ ಹದಿನೈದನ್ನು ನಾವು ಎಚ್ಚರದಿಂದ ಮಾಡುತ್ತೇವೆ, ಆ 85ನ್ನು ಯಾರೋ ನೋಡಿಯೇ ಕಳಿಸಿರುತ್ತಾರೆ ಎಂದುಕೊಂಡು ಬಿಡುತ್ತೇವೆ. ಅಂಗಡಿಯಲ್ಲಿ ಕೊಂಡಿದ್ದರೆ ಅದನ್ನು ಮತ್ತೊಮ್ಮೆ ನೋಡುವುದು ಅಂಗಡಿಯವರ ಕೆಲಸ. ಮನೆಗೆ ತರಿಸಿದ ಮೇಲೆ ಅದು ನಮ್ಮದೇ. ನಮ್ಮ ದೇಶದ ಸೈಕಲ್ ಉದ್ಯಮದ ದೊಡ್ಡ ಕೇಂದ್ರ ಪಂಜಾಬಿನ ಲುಧಿಯಾನ. ಅಲ್ಲಿಂದ ಕರ್ನಾಟಕಕ್ಕೆ ಲಾರಿಯಲ್ಲಿ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು. ದಾರಿಯುದ್ದಕ್ಕೂ ಕುಲುಕುತ್ತ, ಗೋದಾಮಿನಲ್ಲಿ ಒಂದರ ಮೇಲೊಂದು ಒರಗುತ್ತ ಬಂದ ಪೆಟ್ಟಿಗೆಯೊಳಗಿನ ಯಾವ ಬೋಲ್ಟನ್ನೂ ನಂಬಬಾರದು.

ಪೆಟ್ಟಿಗೆ ತೆರೆಯುವಾಗ

ಮೊದಲು ಪೆಟ್ಟಿಗೆಯ ನಾಲ್ಕೂ ಬದಿ ನೋಡಿ. ಎಲ್ಲಾದರೂ ತೂತು ಬಿದ್ದಿದ್ದರೆ, ಮೂಲೆ ಜಜ್ಜಿದ್ದರೆ, ತಂದವರ ಎದುರಲ್ಲೇ ಫೋಟೊ ತೆಗೆದುಕೊಳ್ಳಿ. ಟೇಪ್ ಕತ್ತರಿಸುವುದರಿಂದ ಹಿಡಿದು ಕೊನೆಯ ಪೊಟ್ಟಣ ಹೊರಗೆ ಬರುವವರೆಗೂ ಒಂದೇ ಓಟದ ವಿಡಿಯೊ ಮಾಡಿ. ಸಾಮಾನು ಕಡಿಮೆ ಬಂದಿದ್ದರೆ ಅಥವಾ ಫ್ರೇಮಿಗೆ ಪೆಟ್ಟು ಬಿದ್ದಿದ್ದರೆ ಮುಂದೆ ನಿಮ್ಮ ಮಾತಿಗೆ ಬಲ ಕೊಡುವುದು ಅದೇ. ಮಾರಾಟಗಾರರು ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಆನ್‌ಲೈನ್ ಖರೀದಿಯೂ ಬರುತ್ತದೆ. ಹಿಂತಿರುಗಿಸುವ ಗಡುವು ಮುಗಿಯುವವರೆಗೆ ಪೆಟ್ಟಿಗೆಯನ್ನು ಗುಜರಿಗೆ ಹಾಕಬೇಡಿ. ಪೆಡಲ್ ತುಳಿಯುವ ಅಚ್ಚಿನ ಕೆಳಗೆ, ಫ್ರೇಮಿನ ತಳದಲ್ಲಿ ಸಾಮಾನ್ಯವಾಗಿ ಫ್ರೇಮ್ ನಂಬರ್ ಕೊರೆದಿರುತ್ತದೆ. ಅದರ ಫೋಟೊ ಇವತ್ತೇ ತೆಗೆದಿಡಿ. ಸೈಕಲ್ ಕಳುವಾದ ದಿನ ಪೊಲೀಸ್ ಠಾಣೆಯಲ್ಲಿ ಇದು ನಿಮ್ಮದೇ ಎಂದು ಹೇಳಲು ಬಿಲ್ಲಿನ ಜೊತೆ ಬೇಕಾಗುವುದು ಆ ನಂಬರು.

ಬ್ಲೇಡನ್ನು ಆಳಕ್ಕೆ ಇಳಿಸಬೇಡಿ, ಟೈರೋ ವೈರೋ ಕತ್ತರಿಸಿಹೋಗುತ್ತದೆ. ಹೈಡ್ರಾಲಿಕ್ ಬ್ರೇಕಿದ್ದರೆ, ಅಂದರೆ ವೈರಿನ ಬದಲು ದ್ರವದ ಒತ್ತಡದಿಂದ ಹಿಡಿಯುವುದಿದ್ದರೆ, ಇನ್ನೂ ಒಂದು ಎಚ್ಚರಿಕೆ ಇದೆ. ಮುಂದಿನ ಚಕ್ರ ಹಾಕುವವರೆಗೆ ಮುಂದಿನ ಬ್ರೇಕನ್ನು ಹಿಡಿಯಲೇಬಾರದು. ಎರಡು ಪ್ಯಾಡುಗಳ ನಡುವೆ ಒಂದು ಪ್ಲಾಸ್ಟಿಕ್ ತುಂಡು ಸಿಕ್ಕಿಸಿರುತ್ತಾರೆ. ಅದಿಲ್ಲದೆ ಬ್ರೇಕ್ ಹಿಡಿದರೆ ಪ್ಯಾಡುಗಳು ಒಂದಕ್ಕೊಂದು ಅಂಟಿಕೊಂಡು ಡಿಸ್ಕು ಒಳಗೆ ಹೋಗದಂತಾಗುತ್ತದೆ.

ಬೇಕಾದ ಸಾಮಾನು

4, 5, 6 ಮತ್ತು 8 ಮಿ.ಮೀ. ಅಲೆನ್ ಕೀ, 15 ಮಿ.ಮೀ. ಸ್ಪ್ಯಾನರ್, ಪ್ಲಸ್ ಸ್ಕ್ರೂಡ್ರೈವರ್, ಸ್ವಲ್ಪ ಗ್ರೀಸು, ಗಾಳಿ ಹೊಡೆಯುವ ಪಂಪು. ಪೆಟ್ಟಿಗೆಯಲ್ಲಿ ಬರುವ ತೆಳು ತಗಡಿನ ಸ್ಪ್ಯಾನರನ್ನು ಪಕ್ಕಕ್ಕಿಡಿ. ಅದು ಬಿಗಿಯುವುದಕ್ಕಿಂತ ನಟ್ಟಿನ ಮೂಲೆ ಸವೆಸುವುದೇ ಹೆಚ್ಚು.

ಎಷ್ಟು ಬಿಗಿಯಬೇಕು ಅನ್ನುವುದು ಎಲ್ಲರಿಗೂ ಬರುವ ಅನುಮಾನ. ಅನೇಕ ಬೋಲ್ಟುಗಳ ಪಕ್ಕದಲ್ಲಿ ನ್ಯೂಟನ್ ಮೀಟರ್ ಲೆಕ್ಕದ ಅಂಕಿ ಅಚ್ಚಾಗಿರುತ್ತದೆ. ಆ ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ರೆಂಚ್ ಇದ್ದರೆ ಒಳ್ಳೆಯದು. ಇಲ್ಲದವರು ಈ ಅಂದಾಜು ಇಟ್ಟುಕೊಳ್ಳಿ: ಹತ್ತು ಸೆಂಟಿಮೀಟರ್ ಉದ್ದದ ಕೀಲಿಯ ತುದಿಗೆ ಐದು ಕೆಜಿ ಅಕ್ಕಿಯ ಚೀಲ ತೂಗುಹಾಕಿದರೆ ಬೀಳುವ ಬಲ ಸುಮಾರು 5 ನ್ಯೂಟನ್ ಮೀಟರ್. ಹ್ಯಾಂಡಲಿನ ಸಣ್ಣ ಬೋಲ್ಟುಗಳಿಗೆ ಅಷ್ಟು ಸಾಕು. ಪೆಡಲ್ಲಿಗೂ ಕ್ರ್ಯಾಂಕಿಗೂ ಸುಮಾರು 35ರಿಂದ 40 ಬೇಕು, ಅಂದರೆ ಇಪ್ಪತ್ತು ಸೆಂಟಿಮೀಟರ್ ಸ್ಪ್ಯಾನರಿನ ತುದಿಯಲ್ಲಿ ಇಪ್ಪತ್ತು ಕೆಜಿ ಭಾರದಷ್ಟು. ಇವೆರಡರ ನಡುವಿನ ಅಂತರ ಕೈಗೆ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಸಣ್ಣ ಬೋಲ್ಟನ್ನು ಅತಿಯಾಗಿ ಬಿಗಿದು ತ್ರೆಡ್ ಕಳೆದುಕೊಳ್ಳುವವರೂ ನಾವೇ, ದೊಡ್ಡದನ್ನು ಸಡಿಲ ಬಿಟ್ಟು ಕ್ರ್ಯಾಂಕ್ ಕಳೆದುಕೊಳ್ಳುವವರೂ ನಾವೇ.

ಫೋರ್ಕು, ಹ್ಯಾಂಡಲು, ಮುಂದಿನ ಚಕ್ರ

ಪೆಟ್ಟಿಗೆಯಲ್ಲಿ ಹಿಡಿಸಲಿ ಎಂದು ಹ್ಯಾಂಡಲನ್ನು ಬಿಚ್ಚಿ ಫೋರ್ಕನ್ನು ತಿರುಗಿಸಿ ಇಟ್ಟಿರುತ್ತಾರೆ. ಅದನ್ನು ಹಾಗೇ ಬಿಟ್ಟು ಹ್ಯಾಂಡಲ್ ಕೂರಿಸುವುದು ಅತಿ ಸಾಮಾನ್ಯ ತಪ್ಪು. ರಸ್ತೆಯಲ್ಲಿ ಹೋಗುವ ಎಷ್ಟೋ ಹೊಸ ಸೈಕಲ್ಲುಗಳಲ್ಲಿ ಇದು ಈಗಲೂ ನನ್ನ ಕಣ್ಣಿಗೆ ಬೀಳುತ್ತದೆ. ಪರೀಕ್ಷೆ ಸುಲಭ: ಸವಾರನ ಜಾಗದಲ್ಲಿ ನಿಂತು ನೋಡಿದಾಗ ಮುಂದಿನ ಡಿಸ್ಕು ಎಡಗಡೆ ಇರಬೇಕು, ಬ್ರೇಕಿನ ಕ್ಯಾಲಿಪರ್ ಫೋರ್ಕಿನ ಎಡಗಾಲಿನ ಹಿಂಬದಿಯಲ್ಲಿರಬೇಕು. ಡಿಸ್ಕು ಬಲಕ್ಕೆ ಬಂದಿದ್ದರೆ ಫೋರ್ಕು ತಿರುಗಿದೆ. ಆಗ ಚಕ್ರ ಫ್ರೇಮಿನ ಕಡೆಗೆ ಸರಿದು ಕಾಲಿಗೆ ತಾಗುತ್ತದೆ, ಬ್ರೇಕಿನ ವೈರು ಫೋರ್ಕು ತಿರುಗುವ ಫ್ರೇಮಿನ ಕತ್ತಿನ ಸುತ್ತ ಸುತ್ತಿಕೊಳ್ಳುತ್ತದೆ, ಸೈಕಲ್ಲು ಹೇಳಿದ ಮಾತು ಕೇಳುವುದಿಲ್ಲ.

ಹ್ಯಾಂಡಲ್ ಹಿಡಿದುಕೊಳ್ಳುವ ಸ್ಟೆಮ್ಮಿನಲ್ಲಿ ಎರಡು ಬಗೆ. ಮೇಲೆ ಮುಚ್ಚಳದಂಥ ಕ್ಯಾಪು, ಪಕ್ಕದಲ್ಲಿ ಎರಡು ಬೋಲ್ಟು ಇರುವ ಬಗೆಯಲ್ಲಿ ಕ್ರಮ ತಪ್ಪಬಾರದು. ಮೊದಲು ಪಕ್ಕದ ಬೋಲ್ಟುಗಳನ್ನು ಸಡಿಲಿಸಿ. ಮೇಲಿನ ಕ್ಯಾಪಿನ ಬೋಲ್ಟನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ, ಕತ್ತಿನ ಬೇರಿಂಗಿನಲ್ಲಿ ಲೊಡಲೊಡ ನಿಂತ ಕೂಡಲೇ ನಿಲ್ಲಿಸಿ. ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು ಹ್ಯಾಂಡಲನ್ನು ನೇರ ಮಾಡಿ. ಆಮೇಲೆ ಪಕ್ಕದ ಬೋಲ್ಟುಗಳನ್ನು ಒಂದಾದ ಮೇಲೊಂದು ಬಿಗಿಯಿರಿ. ಹ್ಯಾಂಡಲನ್ನು ಹಿಡಿದಿಡುವುದು ಮೇಲಿನ ಕ್ಯಾಪು ಎಂದುಕೊಂಡು ಅದನ್ನೇ ಬಲವಾಗಿ ತಿರುಗಿಸುವವರಿದ್ದಾರೆ. ಅದರ ಕೆಲಸ ಬೇರಿಂಗನ್ನು ಒತ್ತುವುದಷ್ಟೇ. ಕಡಿಮೆ ಬೆಲೆಯ ಸೈಕಲ್ಲುಗಳಲ್ಲಿ ಹಳೆಯ ಬಗೆಯ, ಕೊಳವೆಯೊಳಗೆ ಇಳಿಯುವ ಸ್ಟೆಮ್ ಇರುತ್ತದೆ. ಅದರಲ್ಲಿ ಇಷ್ಟಾದರೂ ಒಳಗಿರಬೇಕು ಎಂದು ಗೆರೆ ಎಳೆದಿರುತ್ತಾರೆ, ಆ ಗೆರೆ ಹೊರಗೆ ಕಾಣಬಾರದು. ಸೀಟಿನ ಕಂಬಕ್ಕೂ ಇದೇ ಮಾತು.

ಹ್ಯಾಂಡಲನ್ನು ಮುಂದಿನಿಂದ ಅಪ್ಪಿ ಹಿಡಿಯುವ ನಾಲ್ಕು ಬೋಲ್ಟುಗಳನ್ನು ಕಾರಿನ ಚಕ್ರಕ್ಕೆ ನಟ್ಟು ಹಾಕುವಂತೆ ಎದುರುಬದುರಾಗಿ ಬಿಗಿಯಿರಿ. ಮೇಲೆ ಕೆಳಗೆ ಸಂದು ಸಮನಾಗಿರಲಿ. ಕೆಲವು ಸ್ಟೆಮ್ಮುಗಳಲ್ಲಿ ಒಂದು ಕಡೆ ಸಂದು ಪೂರ್ತಿ ಮುಚ್ಚಬೇಕೆಂದು ಬರೆದಿರುತ್ತದೆ, ಹಾಗಿದ್ದರೆ ಬರೆದಂತೆ ಮಾಡಿ.

ಚಕ್ರ ಹಾಕುವಾಗ ಸೈಕಲ್ ನೆಲದ ಮೇಲೆ ನಿಂತಿರಲಿ, ಆಗಲೇ ಚಕ್ರದ ಅಚ್ಚು ಫೋರ್ಕಿನ ತೋಡಿನ ಮೇಲ್ತುದಿಗೆ ಸರಿಯಾಗಿ ಕೂರುತ್ತದೆ. ಟೈರಿನ ಪಕ್ಕದಲ್ಲಿ ಬಾಣದ ಗುರುತಿದ್ದರೆ ಅದು ಚಕ್ರ ಉರುಳುವ ದಿಕ್ಕಿಗಿರಬೇಕು. ಸ್ಪ್ಯಾನರ್ ಇಲ್ಲದೆ ಚಕ್ರ ಬಿಚ್ಚುವ ಕ್ವಿಕ್ ರಿಲೀಸ್ ಲಿವರ್ ಇದ್ದರೆ ಅದನ್ನು ನಟ್ಟಿನಂತೆ ಸುತ್ತಿಸಿ ಬಿಗಿಯುವುದಲ್ಲ. ಎದುರು ಬದಿಯ ನಟ್ಟನ್ನು ತಿರುಗಿಸಿ ಹದ ಮಾಡಿ, ಲಿವರನ್ನು ಅರ್ಧ ಮಡಿಸಿದಾಗ ಬಿಗಿ ಹತ್ತಬೇಕು, ಪೂರ್ತಿ ಮಡಿಸಿದಾಗ ಅಂಗೈಯಲ್ಲಿ ಅದರ ಅಚ್ಚು ಮೂಡಬೇಕು. ಒಳಗಿನ ಎರಡು ಸಣ್ಣ ಸ್ಪ್ರಿಂಗುಗಳ ಕಿರಿದಾದ ತುದಿ ಚಕ್ರದ ಕಡೆಗೆ. ಲಿವರನ್ನು ಪೂರ್ತಿ ತೆರೆದರೂ ಡಿಸ್ಕಿಗೂ ಅದಕ್ಕೂ ನಡುವೆ ಒಂದು ಪೆನ್ಸಿಲ್ ತೂರುವಷ್ಟು ಜಾಗ ಇರಬೇಕು.

ಈಗ ಮುಂದಿನ ಬ್ರೇಕ್ ಹಿಡಿದು, ಕತ್ತಿನ ಕೀಲಿನ ಮೇಲೆ ಬೆರಳಿಟ್ಟು, ಸೈಕಲ್ಲನ್ನು ಹಿಂದೆ ಮುಂದೆ ಜಗ್ಗಿ. ಬೆರಳಿಗೆ ಟಕ್ ಟಕ್ ಎಂದು ತಾಗಿದರೆ ಬೇರಿಂಗ್ ಸಡಿಲ. ಕೈಬಿಟ್ಟಾಗ ಹ್ಯಾಂಡಲ್ ತಾನಾಗಿ ಪಕ್ಕಕ್ಕೆ ಬೀಳದೆ ಹಿಡಿದುಕೊಂಡರೆ ಅತಿಯಾಗಿ ಬಿಗಿದಿದ್ದೀರಿ.

ಪೆಡಲ್ಲು

ಸೈಕಲ್ಲಿನಲ್ಲಿ ಮರಳಿ ಸರಿಮಾಡಲು ಅತಿ ಕಷ್ಟದ ತಪ್ಪು ಇಲ್ಲಾಗುತ್ತದೆ. ಬಲ ಪೆಡಲ್ಲಿಗೆ ಮಾಮೂಲಿ ತ್ರೆಡ್, ಎಡ ಪೆಡಲ್ಲಿಗೆ ಉಲ್ಟಾ ತ್ರೆಡ್. ಅಚ್ಚಿನ ತುದಿಯಲ್ಲಿ ಬಲಕ್ಕೆ ಆರ್, ಎಡಕ್ಕೆ ಎಲ್ ಎಂದು ಕೊರೆದಿರುತ್ತದೆ. ತುಳಿಯುತ್ತ ತುಳಿಯುತ್ತ ಪೆಡಲ್ ತಾನಾಗಿ ಬಿಚ್ಚಿಕೊಳ್ಳದಿರಲಿ ಎಂದೇ ಈ ಏರ್ಪಾಡು.

ಪೆಡಲ್ಲಿನ ಅಚ್ಚು ಉಕ್ಕು, ಕ್ರ್ಯಾಂಕು ಬಹುತೇಕ ಅಲ್ಯೂಮಿನಿಯಂ. ಉಕ್ಕು ಓರೆಯಾಗಿ ಹೊಕ್ಕರೆ ಅಲ್ಯೂಮಿನಿಯಂನ ತ್ರೆಡ್ಡನ್ನು ಕೊಚ್ಚಿಹಾಕುತ್ತದೆ. ಬಹಳ ವರ್ಷದ ಹಿಂದೆ ನನ್ನ ಮೊದಲ ಗೇರ್ ಸೈಕಲ್ಲಿನ ಎಡ ಕ್ರ್ಯಾಂಕನ್ನು ಹೀಗೆ ಕಳೆದುಕೊಂಡೆ. ಗುರುತು ನೋಡದೆ ಬಲದ ಪೆಡಲ್ಲನ್ನು ಎಡಕ್ಕೆ ಸ್ಪ್ಯಾನರ್ ಹಾಕಿ ನೂಕಿದ್ದೆ, ಅರ್ಧ ಇಂಚು ಒಳಗೂ ಹೋಯಿತು. ಎರಡನೆಯ ದಿನ ಏರಿನಲ್ಲಿ ಎದ್ದು ನಿಂತು ತುಳಿಯುವಾಗ ಪೆಡಲ್ ಕಾಲಿನ ಜೊತೆಯೇ ಬಂತು. ಹಾಗಾಗಿ ಸ್ಪ್ಯಾನರನ್ನು ದೂರವಿಡಿ. ತ್ರೆಡ್ಡಿಗೆ ತೆಳುವಾಗಿ ಗ್ರೀಸು ಹಚ್ಚಿ, ಮೊದಲ ನಾಲ್ಕು ಸುತ್ತು ಬೆರಳಿನಲ್ಲೇ ತಿರುಗಿಸಿ. ಬೆರಳಿಗೆ ತಿರುಗಲಿಲ್ಲವೆಂದರೆ ಬಿಚ್ಚಿ ಮತ್ತೆ ಹಿಡಿಸಿ. ಸಲೀಸಾಗಿ ಹೊಕ್ಕ ಮೇಲೆ ಸ್ಪ್ಯಾನರಿನಿಂದ ಬಿಗಿಯಿರಿ. ದಿಕ್ಕು ನೆನಪಿಟ್ಟುಕೊಳ್ಳಲು ಒಂದೇ ಸೂತ್ರ: ಸ್ಪ್ಯಾನರನ್ನು ಮೇಲಕ್ಕೆ ನಿಲ್ಲಿಸಿ ಮುಂದಿನ ಚಕ್ರದ ಕಡೆಗೆ ಎಳೆದರೆ ಎರಡೂ ಪೆಡಲ್ ಬಿಗಿಯಾಗುತ್ತವೆ, ಹಿಂದಕ್ಕೆಳೆದರೆ ಎರಡೂ ಸಡಿಲವಾಗುತ್ತವೆ.

ಪೆಡಲ್ ಆದಮೇಲೆ ಕ್ರ್ಯಾಂಕು. ಇದನ್ನು ಕಾರ್ಖಾನೆಯಲ್ಲೇ ಕೂರಿಸಿರುತ್ತಾರೆ, ಆದ್ದರಿಂದಲೇ ಯಾರೂ ನೋಡುವುದಿಲ್ಲ. ಎರಡೂ ಕ್ರ್ಯಾಂಕುಗಳನ್ನು ಎರಡು ಕೈಯಲ್ಲಿ ಹಿಡಿದು ಫ್ರೇಮಿನ ಕಡೆಗೂ ಹೊರಕ್ಕೂ ಅಲ್ಲಾಡಿಸಿ. ಒಂದು ಮಾತ್ರ ಆಡಿದರೆ ಆ ಕಡೆಯ ಬೋಲ್ಟ್ ಸಡಿಲ. ಎರಡೂ ಒಟ್ಟಿಗೆ ಆಡಿದರೆ ಒಳಗಿನ ಬೇರಿಂಗ್ ಸಡಿಲ, ಅದಕ್ಕೆ ಬೇರೆ ಸಾಧನ ಬೇಕು, ಅಂಗಡಿಗೆ ಒಯ್ಯಿರಿ. ಚೌಕಾಕಾರದ ಅಚ್ಚಿಗೆ ಕೂರುವ ಕ್ರ್ಯಾಂಕನ್ನು ಸಡಿಲವಾಗಿದ್ದಾಗಲೇ ತುಳಿದರೆ ಅದರ ಚೌಕದ ತೂತು ದುಂಡಗಾಗುತ್ತ ಹೋಗುತ್ತದೆ. ಆಮೇಲೆ ಎಷ್ಟು ಬಿಗಿದರೂ ನಿಲ್ಲದು. ಬೋಲ್ಟಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು, 8 ಮಿ.ಮೀ. ಅಲೆನ್ ಕೀಯನ್ನೋ 14 ಮಿ.ಮೀ. ಸಾಕೆಟ್ಟನ್ನೋ ಹಾಕಿ ಒಮ್ಮೆ ಬಿಗಿದು ನೋಡಿ.

ಬ್ರೇಕು

ಯಾವ ಕೈಗೆ ಯಾವ ಬ್ರೇಕು ಅನ್ನುವುದನ್ನು ಮೊದಲು ನೋಡಿ. ನಮ್ಮಲ್ಲಿ ಬಲಗೈಗೆ ಮುಂದಿನ ಬ್ರೇಕು, ಮೋಟಾರ್ ಬೈಕಿನಂತೆಯೇ. ಅಮೆರಿಕದಲ್ಲಿ ಎಡಗೈಗೆ ಮುಂದಿನದು. ಅಲ್ಲಿ ಸೈಕಲ್ ಕೊಂಡ ನಮ್ಮವರು ಮೊದಲ ದಿನ ಇದನ್ನು ಮರೆಯಬಾರದು, ಹಿಂದಿನದೆಂದು ಮುಂದಿನದನ್ನು ಗಟ್ಟಿಯಾಗಿ ಹಿಡಿದರೆ ಹ್ಯಾಂಡಲಿನ ಮೇಲಿಂದ ಹಾರುತ್ತೀರಿ.

ಡಿಸ್ಕಿನ ಮೇಲ್ಮೈಯನ್ನು ಬೆರಳಿನಲ್ಲಿ ಮುಟ್ಟಬೇಡಿ, ಹತ್ತಿರ ಎಣ್ಣೆ ಸ್ಪ್ರೇ ಹೊಡೆಯಬೇಡಿ. ಜಿಡ್ಡು ಹೀರಿದ ಪ್ಯಾಡು ಕಿರುಚುತ್ತದೆ, ಹಿಡಿಯುವುದಿಲ್ಲ. ಜಿಡ್ಡು ತಾಗಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಶುಭ್ರ ಬಟ್ಟೆ ಅದ್ದಿ ಒರೆಸಿ. ಚಕ್ರ ತಿರುಗುವಾಗ ಡಿಸ್ಕಿನ ಬಳಿ ಬೆರಳು ಬೇಡವೇ ಬೇಡ, ಮಕ್ಕಳು ಹತ್ತಿರವಿದ್ದರೆ ಅವರ ಬೆರಳೂ.

ಚಕ್ರ ತಿರುಗಿಸಿದಾಗ ಸರ್ ಸರ್ ಎಂದು ಉಜ್ಜುವ ಸದ್ದು ಒಂದೇ ಸಮನೆ ಬಂದರೆ ಕ್ಯಾಲಿಪರ್ ನಡುವಿಗಿಲ್ಲ. ಅದನ್ನು ಹಿಡಿದಿರುವ ಎರಡು ಬೋಲ್ಟು ಸಡಿಲಿಸಿ, ಬ್ರೇಕನ್ನು ಗಟ್ಟಿಯಾಗಿ ಹಿಡಿದುಕೊಂಡೇ ಎರಡನ್ನೂ ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ಹಿಂದೆ ಒಂದು ಬಿಳಿ ಕಾಗದ ಹಿಡಿದು ನೋಡಿದರೆ ಡಿಸ್ಕಿನ ಎರಡೂ ಬದಿ ಸಣ್ಣ ಬೆಳಕಿನ ಗೆರೆ ಕಾಣಬೇಕು. ಸುತ್ತಿಗೊಮ್ಮೆ ಮಾತ್ರ ಉಜ್ಜಿದರೆ ಡಿಸ್ಕೇ ಸಾಗಣೆಯಲ್ಲಿ ಬಾಗಿದೆ. ಅಲ್ಪಸ್ವಲ್ಪ ಬಾಗನ್ನು ಅಂಗಡಿಯಲ್ಲಿ ನೇರ ಮಾಡಿಕೊಡುತ್ತಾರೆ.

ವೈರಿನ ಡಿಸ್ಕ್ ಬ್ರೇಕಿನಲ್ಲಿ ಇನ್ನೊಂದು ಗುಟ್ಟಿದೆ. ಬಹಳಷ್ಟರಲ್ಲಿ ಹೊರಗಿನ ಪ್ಯಾಡು ಮಾತ್ರ ಚಲಿಸುತ್ತದೆ, ಅದು ಡಿಸ್ಕನ್ನು ಒಳಗಿನ ಪ್ಯಾಡಿಗೆ ಒತ್ತುತ್ತದೆ. ಆದ್ದರಿಂದ ಒಳಗಿನದು ಡಿಸ್ಕಿಗೆ ತಾಗಿಯೂ ತಾಗದಷ್ಟು ಹತ್ತಿರವಿರಬೇಕು. ಕಡ್ಡಿಗಳ ಕಡೆಯಿಂದ ಅಲೆನ್ ಕೀ ಹಾಕಿ ಅದನ್ನು ಹತ್ತಿರ ತರಬಹುದು. ಇದನ್ನು ಬಿಟ್ಟು ವೈರನ್ನೇ ಎಳೆದೆಳೆದು ಬಿಗಿಮಾಡಿದರೆ ಬ್ರೇಕು ಮೆತ್ತಗೇ ಉಳಿಯುತ್ತದೆ. ಗಟ್ಟಿಯಾಗಿ ಹಿಡಿದಾಗಲೂ ಲಿವರ್ ಹ್ಯಾಂಡಲಿಗೆ ತಾಗಬಾರದು, ವೈರು ಜಾರಬಾರದು.

ಹೊಸ ಡಿಸ್ಕ್ ಬ್ರೇಕು ಮೊದಲ ದಿನ ಅರ್ಧ ಶಕ್ತಿಯಲ್ಲೂ ಹಿಡಿಯದು. ಅದನ್ನು ಪಳಗಿಸಬೇಕು. ಸಮತಟ್ಟಾದ ಖಾಲಿ ರಸ್ತೆಯಲ್ಲಿ ಸ್ವಲ್ಪ ವೇಗ ಹಿಡಿದು, ಒಂದೊಂದೇ ಬ್ರೇಕನ್ನು ಒತ್ತಿ, ಚಕ್ರ ಕಚ್ಚಿಕೊಳ್ಳದಂತೆ ನಡಿಗೆಯ ವೇಗಕ್ಕೆ ಇಳಿಸಿ. ಪ್ರತಿ ಬ್ರೇಕಿಗೂ ಇಪ್ಪತ್ತು ಸಲ ಹೀಗೆ ಮಾಡಿ. ಹಿಡಿತ ಏರುತ್ತ ಹೋಗುವುದು ಕೈಗೇ ಗೊತ್ತಾಗುತ್ತದೆ. ಇದನ್ನು ಮಾಡದೆ ನಂದಿ ಬೆಟ್ಟ ಇಳಿಯಬೇಡಿ. ಈ ಬಗೆಯ ಸೈಕಲ್ಲಿನ ಚರಿತ್ರೆಯಲ್ಲೇ ಇದರ ನೆನಪಿದೆ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1976ರಲ್ಲಿ ಶುರುವಾದ ಇಳಿಜಾರಿನ ಪಂದ್ಯಕ್ಕೆ ರೀಪ್ಯಾಕ್ ಎಂದು ಹೆಸರು ಬಂದದ್ದು, ಹಳೆಯ ಸೈಕಲ್ಲುಗಳ ಹಿಂದಿನ ಹಬ್ಬಿನೊಳಗಿದ್ದ ಬ್ರೇಕು ಕಾದು ಗ್ರೀಸೆಲ್ಲ ಹೊಗೆಯಾಗಿ, ಕೆಳಗೆ ತಲುಪಿದ ಮೇಲೆ ಮತ್ತೆ ಗ್ರೀಸು ತುಂಬಬೇಕಾಗುತ್ತಿದ್ದುದರಿಂದ.

ಗೇರು

ಮೊದಲು ಸೈಕಲ್ಲಿನ ಹಿಂದೆ ಕುಕ್ಕರಗಾಲಲ್ಲಿ ಕೂತು ನೋಡಿ. ಡಿರೇಲರಿನ ಎರಡು ಸಣ್ಣ ಗಾಲಿಗಳು ಮೇಲಿನ ಹಲ್ಲುಚಕ್ರದ ನೇರಕ್ಕೆ, ಒಂದೇ ಗೆರೆಯಲ್ಲಿ ಇರಬೇಕು. ಕೆಳಗಿನ ಗಾಲಿ ಕಡ್ಡಿಗಳ ಕಡೆಗೆ ವಾಲಿದ್ದರೆ ಅದನ್ನು ಫ್ರೇಮಿಗೆ ಹಿಡಿದಿರುವ ಹ್ಯಾಂಗರ್ ಬಾಗಿದೆ. ಪೆಟ್ಟಿಗೆ ಬಲಮಗ್ಗುಲಿಗೆ ಬಿದ್ದರೆ ಮೊದಲು ಪೆಟ್ಟು ತಿನ್ನುವುದು ಇದೇ. ಹ್ಯಾಂಗರ್ ಬಾಗಿರುವಾಗ ಸ್ಕ್ರೂ ತಿರುಗಿಸಿ ಪ್ರಯೋಜನವಿಲ್ಲ, ಒಂದು ಗೇರು ಸರಿಯಾದರೆ ಇನ್ನೊಂದು ಕೆಡುತ್ತದೆ. ಅದನ್ನು ನೇರ ಮಾಡುವ ಉಪಕರಣ ಇರುವ ಅಂಗಡಿಗೆ ಒಯ್ಯಿರಿ, ಕೈಯಲ್ಲಿ ಎಳೆದು ನೆಟ್ಟಗೆ ಮಾಡಲು ಹೋಗಬೇಡಿ.

ನೇರವಾಗಿದ್ದರೆ ಹಿಂದಿನ ಚಕ್ರ ಎತ್ತಿ ಹಿಡಿದು, ಪೆಡಲ್ ನಿಧಾನ ತಿರುಗಿಸುತ್ತ ಅತಿ ದೊಡ್ಡ ಹಲ್ಲುಚಕ್ರಕ್ಕೆ ಗೇರು ಬದಲಿಸಿ. ಚೈನು ಅದನ್ನೂ ದಾಟಿ ಕಡ್ಡಿಗಳ ಮೇಲೆ ಬೀಳುವಂತಿದೆಯೇ? ಡಿರೇಲರಿನ ಮೇಲಿನ ಎರಡು ಸಣ್ಣ ಸ್ಕ್ರೂಗಳಲ್ಲಿ ಎಲ್ ಗುರುತಿನದು ಈ ಗಡಿಯನ್ನು ಕಾಯುತ್ತದೆ. ಬಲಕ್ಕೆ ತಿರುಗಿಸಿದಷ್ಟೂ ಗಡಿ ಹೊರಕ್ಕೆ ಸರಿಯುತ್ತದೆ. ಎಚ್ ಗುರುತಿನದು ಅತಿ ಸಣ್ಣ ಚಕ್ರದ ಕಡೆಯ ಗಡಿ. ಎಲ್ ಸ್ಕ್ರೂವನ್ನು ರಸ್ತೆಗಿಳಿಯುವ ಮೊದಲೇ ಸರಿಮಾಡಬೇಕು. ಏರಿನಲ್ಲಿ ಕಡಿಮೆ ಗೇರಿಗೆ ಹಾಕಿದಾಗ ಡಿರೇಲರ್ ಕಡ್ಡಿಗೆ ಸಿಕ್ಕರೆ ಡಿರೇಲರ್, ಹ್ಯಾಂಗರ್, ಕಡ್ಡಿ ಮೂರೂ ಒಟ್ಟಿಗೆ ಹೋಗುತ್ತವೆ.

ನಡುವಿನ ಗೇರುಗಳಲ್ಲಿ ಚೈನು ದೊಡ್ಡ ಚಕ್ರಕ್ಕೆ ಏರಲು ತಡವರಿಸಿದರೆ ವೈರಿನ ತುದಿಯಲ್ಲಿ ಬೆರಳಲ್ಲೇ ತಿರುಗುವ ತಿರುಪನ್ನು, ಅಂದರೆ ಬ್ಯಾರಲ್ ಅಡ್ಜಸ್ಟರನ್ನು, ಕಾಲು ಸುತ್ತು ಹೊರಕ್ಕೆ ಬಿಚ್ಚಿ, ಅಂದರೆ ಎಡಕ್ಕೆ ತಿರುಗಿಸಿ. ಸಣ್ಣದಕ್ಕೆ ಇಳಿಯಲು ತಡವರಿಸಿದರೆ ಬಲಕ್ಕೆ. ಒಂದು ಸಲಕ್ಕೆ ಕಾಲು ಸುತ್ತು ಮಾತ್ರ, ನೋಡಿ, ಮತ್ತೆ ಕಾಲು ಸುತ್ತು. ಚೈನಿಗೆ ಮನೆಯ ಕೊಬ್ಬರಿ ಎಣ್ಣೆ ಬೇಡ. ಮಡಿಕೇರಿ, ಚಿಕ್ಕಮಗಳೂರಿನ ಚಳಿಗೆ ಅದು ಡಬ್ಬಿಯಲ್ಲಿ ಹೇಗೆ ಹೆಪ್ಪುಗಟ್ಟುತ್ತದೋ ಚೈನಿನಲ್ಲೂ ಹಾಗೆಯೇ. ಸೈಕಲ್ ಚೈನಿನ ಎಣ್ಣೆಯನ್ನೇ ಕೊಳ್ಳಿ, ಕೊಂಡಿಗೊಂದು ಹನಿ ಬಿಟ್ಟು ಹೊರಗಿನದನ್ನು ಒರೆಸಿಬಿಡಿ.

ಚಕ್ರ, ಗಾಳಿ, ಶಾಕು

ಚಕ್ರ ತಿರುಗಿಸಿ ರಿಮ್ಮಿನ ಅಂಚನ್ನು ನೋಡಿ. ಒಂದೆರಡು ಮಿಲಿಮೀಟರಿಗಿಂತ ಹೆಚ್ಚು ಓಲಾಡಿದರೆ ಬೆಂಡು ತೆಗೆಸಿ. ಕಡ್ಡಿಗಳನ್ನು ಜೋಡಿಜೋಡಿಯಾಗಿ ಹಿಸುಕಿ, ಯಾವುದಾದರೂ ಜೋತುಬಿದ್ದಿದೆಯೇ ಎಂದು ತಿಳಿಯುತ್ತದೆ. ಈ ಕೆಲಸಕ್ಕೆ ಊರಿನ ಹಳೆಯ ಸೈಕಲ್ ಶಾಪಿನವರೇ ಸಾಕು. ಗೇರು, ಹೈಡ್ರಾಲಿಕ್ ಬ್ರೇಕಿಗೆ ಮಾತ್ರ ಅದನ್ನೇ ಮಾಡುವವರನ್ನು ಹುಡುಕುತ್ತೇನೆ. ಕಡ್ಡಿ ಬಿಗಿಯುವುದರಲ್ಲಿ ಹಳಬರ ಕೈ ಇಂದಿಗೂ ಮೇಲು.

ಗಾಳಿಯ ಮಿತಿ ಟೈರಿನ ಪಕ್ಕದಲ್ಲೇ ಬರೆದಿರುತ್ತದೆ. ಟ್ಯೂಬಿರುವ ಮೌಂಟನ್ ಬೈಕ್ ಟೈರಿಗೆ ರಸ್ತೆಯಲ್ಲಿ 40 ಪಿಎಸ್‌ಐ ಆಸುಪಾಸು, ಮಣ್ಣಿನ ದಾರಿಯಲ್ಲಿ ಅದಕ್ಕಿಂತ ಕಡಿಮೆ ನನಗೆ ಹಿಡಿಸುತ್ತದೆ. ಪೆಟ್ರೋಲ್ ಬಂಕಿನ ಗಾಳಿ ಯಂತ್ರ ಲಾರಿ ಟೈರಿಗೆ ಆದದ್ದು, ಸೈಕಲ್ ಟ್ಯೂಬು ಕ್ಷಣದಲ್ಲಿ ಸಿಡಿಯುತ್ತದೆ. ಹಾಕಿಸಲೇಬೇಕಾದರೆ ತುಸು ತುಸು ಹಾಕಿಸಿ, ಟೈರು ರಿಮ್ಮಿನ ಸುತ್ತ ಸಮನಾಗಿ ಕೂತಿದೆಯೇ ಎಂದು ನಡುನಡುವೆ ನೋಡಿ.

ಗಾಳಿಯ ಶಾಕಿರುವ ಫೋರ್ಕಾದರೆ, ನೀವು ಸುಮ್ಮನೆ ಹತ್ತಿ ಕೂತಾಗ ಅದು ಒಟ್ಟು ಕುಸಿಯಬಲ್ಲ ಉದ್ದದ ಐದನೇ ಒಂದರಿಂದ ನಾಲ್ಕನೇ ಒಂದು ಭಾಗ ಕುಸಿಯಬೇಕು. 100 ಮಿ.ಮೀ. ಫೋರ್ಕಿನಲ್ಲಿ 20ರಿಂದ 25 ಮಿ.ಮೀ. ಇದಕ್ಕೆ ಶಾಕ್ ಪಂಪೇ ಬೇಕು. ಸ್ಪ್ರಿಂಗಿನ ಫೋರ್ಕಿನಲ್ಲಿ ಮೇಲಿನ ಗುಂಡಿಯಿಂದ ಮಾಡಬಹುದಾದ್ದು ಅಲ್ಪ, ಅದರ ಚಿಂತೆ ಬೇಡ. ಸೀಟಿನ ಎತ್ತರಕ್ಕೆ ಹಿಮ್ಮಡಿಯನ್ನು ಕೆಳಗಿರುವ ಪೆಡಲ್ ಮೇಲಿಡಿ, ಕಾಲು ಪೂರ್ತಿ ನೆಟ್ಟಗಾದರೆ ಸರಿ. ಪಾದದ ಮುಂಭಾಗದಲ್ಲಿ ತುಳಿಯುವಾಗ ಮಂಡಿ ತಾನಾಗಿ ಸ್ವಲ್ಪ ಬಾಗುತ್ತದೆ.

ಮೊದಲ ನೂರು ಕಿಲೋಮೀಟರು

ಹೆಲ್ಮೆಟ್ ಹಾಕಿ, ಮನೆಯ ಬೀದಿಯಲ್ಲೇ ಹತ್ತು ನಿಮಿಷ ಓಡಿಸಿ. ಎಲ್ಲ ಗೇರು ಬದಲಿಸಿ, ಎರಡೂ ಬ್ರೇಕು ಗಟ್ಟಿಯಾಗಿ ಹಿಡಿಯಿರಿ, ಹಂಪಿನ ಮೇಲೆ ಇಳಿಸಿ. ಅಲೆನ್ ಕೀ ಜೇಬಿನಲ್ಲಿರಲಿ. 50ರಿಂದ 100 ಕಿಲೋಮೀಟರಿನ ಒಳಗೆ ಹೊಸ ವೈರುಗಳು ಕೂತುಕೊಂಡು ಗೇರು ಮತ್ತೆ ತಡವರಿಸುತ್ತದೆ, ಕಡ್ಡಿಗಳು ತಮ್ಮ ಜಾಗಕ್ಕೆ ಇಳಿದು ಸ್ವಲ್ಪ ಸಡಿಲವಾಗುತ್ತವೆ. ಇದು ದೋಷವಲ್ಲ, ಒಂದು ಸಲ ಮತ್ತೆ ಹದ ಮಾಡಿದರೆ ಬಹುಕಾಲ ನಿಲ್ಲುತ್ತದೆ. ಆ ದಿನ ಕ್ರ್ಯಾಂಕು, ಪೆಡಲ್ಲು, ಸ್ಟೆಮ್ಮು, ಕ್ಯಾಲಿಪರ್, ಎಲ್ಲದಕ್ಕೂ ಇನ್ನೊಮ್ಮೆ ಕೀಲಿ ಹಾಕಿ ನೋಡಬೇಕು.

ಅಕ್ಕನ ಮಗ ಚಾಮುಂಡಿ ಬೆಟ್ಟವನ್ನು ಒಂದು ವಾರ ಮುಂದೂಡಿದ. ಹ್ಯಾಂಗರನ್ನು ಅಂಗಡಿಯಲ್ಲಿ ನೇರ ಮಾಡಿಸಿ, ಉಳಿದದ್ದನ್ನೆಲ್ಲ ತಾನೇ ಬಿಚ್ಚಿ ಕೂರಿಸಿದ. ಎಪ್ಪತ್ತು ಕಿಲೋಮೀಟರ್ ಆದ ದಿನ ಫೋನು ಮಾಡಿದ್ದ. ಎಲ್ಲ ಬೋಲ್ಟೂ ನೋಡಿದೆ ಮಾಮ, ಎಡಗಡೆ ಕ್ರ್ಯಾಂಕು ಇನ್ನೂ ಕಾಲು ಸುತ್ತು ತಿರುಗಿತು, ಅಂದ.